ಮಿದುಳು ಸಾವಿನ ನಂತರ ಅರಿವಳಿಕೆ ತಜ್ಞರು ಏಕೆ ಬೇಕು?

ಪ್ರಶ್ನೆ: ನನ್ನ ತಮ್ಮ ಕಳೆದ ವರ್ಷ ಬೈಕ್ ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟಾಗಿ, ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲವು ದಿನ ಇದ್ದು ತೀರಿಕೊಂಡ. ಮಿದುಳು ಸತ್ತಿದೆ ಎಂದು ವೈದ್ಯರು ದೃಢಪಡಿಸಿದ ಮೇಲೆ ಮನೆಯವರೆಲ್ಲ ಕೂಡಿ ಮಾತನಾಡಿ ಅಂಗಾಂಗ ದಾನಕ್ಕೆ ಒಪ್ಪಿದೆವು. ಮೊನ್ನೆ ವಿಮೆಯ ಕೆಲಸಕ್ಕಾಗಿ ಅವನ ದಾಖಲೆಗಳನ್ನು ತಿರುವಿ ಹಾಕುವಾಗ ಅರಿವಳಿಕೆ ತಜ್ಞರು ಬರೆದ ಹಾಳೆಯೊಂದು ಸಿಕ್ಕಿತು. ಅಂಗಾಂಗಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ವೇಳೆ ಅವನಿಗೆ ಅರಿವಳಿಕೆಯ ಅನಿಲ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದಾರೆ. ಮೊದಲ ಕೊಯ್ತದ ಹೊತ್ತಿಗೆ ರಕ್ತದೊತ್ತಡ ಏರಿದ್ದೂ ಅದರಲ್ಲಿದೆ. ಸತ್ತವನಿಗೆ ಅರಿವಳಿಕೆ ಏಕೆ? ಅವನಿಗೆ ನೋವಾಗುತ್ತಿತ್ತೇ? ಅವನ ಯಕೃತ್ತು, ಮೂತ್ರಪಿಂಡಗಳನ್ನು ಪಡೆದವರಿಗೆ ಆ ರಾತ್ರಿ ಏನೇನು ಮಾಡಿರುತ್ತಾರೆ? ಅಮ್ಮನ ಮುಂದೆ ಇದನ್ನೆಲ್ಲ ಎತ್ತಲು ನನಗೆ ಧೈರ್ಯವಿಲ್ಲ.
— ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ತಮ್ಮನವರಿಗೆ ನೋವಾಗಲಿಲ್ಲ. ಈ ಮಾತನ್ನು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ನೋವು ಎಂಬುದು ಮಿದುಳಿನಲ್ಲಿ ಉಂಟಾಗುವ ಅನುಭವ. ಅದನ್ನು ಅನುಭವಿಸಬೇಕಾದ ಭಾಗವೂ, ಮನುಷ್ಯನನ್ನು ಎಚ್ಚರವಾಗಿಡುವ ಮಿದುಳುಕಾಂಡವೂ ಶಸ್ತ್ರಚಿಕಿತ್ಸೆಗೆ ಎಷ್ಟೋ ಗಂಟೆಗಳ ಮೊದಲೇ ಸತ್ತಿದ್ದವು, ಮತ್ತು ಅದನ್ನು ಎರಡು ಬಾರಿ ಪರೀಕ್ಷಿಸಿ ದೃಢಪಡಿಸಲಾಗಿತ್ತು. ಹಾಗಾದರೆ ಹಾಳೆಯಲ್ಲಿ ಆ ಔಷಧಗಳೇಕೆ ಇವೆ, ರಕ್ತದೊತ್ತಡ ಏಕೆ ಏರಿತು ಎಂಬ ನಿಮ್ಮ ಸಂದೇಹ ಪೂರ್ತಿ ನ್ಯಾಯವಾದದ್ದು. ಒಪ್ಪಿಗೆ ಪಡೆಯುವ ಹೊತ್ತಿನಲ್ಲೇ ಇದನ್ನು ಕುಟುಂಬಕ್ಕೆ ವಿವರಿಸಿ ಹೇಳಬೇಕಿತ್ತು ಎಂದು ನಾನು ನಂಬುತ್ತೇನೆ. ಅಂಗಾಂಗ ದಾನದ ಬಗ್ಗೆ ನಡೆಯುವ ಮಾತುಕತೆಗಳಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಒಳಗೆ ನಡೆಯುವುದನ್ನು ಯಾರೂ ಹೇಳುವುದಿಲ್ಲ. ಆ ಮೌನದಿಂದಲೇ ಇಂತಹ ಸಂದೇಹಗಳು ಹುಟ್ಟಿ, ತಿಂಗಳುಗಟ್ಟಲೆ ಮನಸ್ಸನ್ನು ಕೊರೆಯುತ್ತವೆ.

ಮೊದಲು ಮಿದುಳು ಸಾವಿನ ವಿಷಯ. ಈ ಸ್ಥಿತಿಗೂ ಅರಿವಳಿಕೆ ಶಾಸ್ತ್ರಕ್ಕೂ ಹಳೆಯ ನಂಟಿದೆ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಚೀಲ ಒತ್ತಿ ಗಾಳಿ ತುಂಬುವ ವಿಧಾನವನ್ನು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಜಾರಿಗೆ ತಂದರು. ನೂರಾರು ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಆ ಚೀಲಗಳನ್ನು ಒತ್ತುತ್ತಾ ಕುಳಿತರು. ಇಂದಿನ ಐಸಿಯುಗಳ ಮೂಲ ಅಲ್ಲಿದೆ. ಕೃತಕ ಉಸಿರಾಟ ಬಂದ ಮೇಲೆಯೇ, ಮಿದುಳು ಸಂಪೂರ್ಣ ಸತ್ತಿದ್ದರೂ ಹೃದಯ ಬಡಿಯುತ್ತಿರುವಂತಹ, ಹಿಂದೆಂದೂ ಕಂಡಿರದ ಸ್ಥಿತಿಯನ್ನು ವೈದ್ಯರು ಎದುರಿಸಬೇಕಾಯಿತು. 1968ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿಯೊಂದು ಇದನ್ನು ಗುರುತಿಸುವ ಲಕ್ಷಣಗಳನ್ನು ಮೊದಲ ಬಾರಿಗೆ ಪಟ್ಟಿ ಮಾಡಿತು. ಆ ಸಮಿತಿಯ ಅಧ್ಯಕ್ಷರಾಗಿದ್ದ ಹೆನ್ರಿ ಬೀಚರ್ ಕೂಡ ಅರಿವಳಿಕೆ ಶಾಸ್ತ್ರದ ಪ್ರಾಧ್ಯಾಪಕರೇ.

ನಮ್ಮ ದೇಶದಲ್ಲಿ ಇದಕ್ಕೆ 1994ರ ಮಾನವ ಅಂಗಾಂಗ ಕಸಿ ಕಾಯ್ದೆಯೂ, 2011ರ ತಿದ್ದುಪಡಿಯೂ, 2014ರ ನಿಯಮಗಳೂ ಆಧಾರ. ಮಿದುಳುಕಾಂಡ ಸತ್ತಿದೆ ಎಂದು ನಾಲ್ವರು ವೈದ್ಯರು ಸಹಿ ಹಾಕಬೇಕು: ಆಸ್ಪತ್ರೆಯ ಮುಖ್ಯಸ್ಥರಾದ ವೈದ್ಯರು, ಅಧಿಕೃತ ಪಟ್ಟಿಯಲ್ಲಿರುವ ತಜ್ಞರೊಬ್ಬರು, ನರರೋಗ ತಜ್ಞರು ಅಥವಾ ನರ ಶಸ್ತ್ರಚಿಕಿತ್ಸಕರು, ಮತ್ತು ಚಿಕಿತ್ಸೆ ಕೊಡುತ್ತಿದ್ದ ವೈದ್ಯರು. ನರರೋಗ ತಜ್ಞರು ಸಿಗದ ಕಡೆ ಪಟ್ಟಿಯಲ್ಲಿರುವ ಅರಿವಳಿಕೆ ತಜ್ಞರು ಆ ಸ್ಥಾನದಲ್ಲಿ ಪರೀಕ್ಷೆ ಮಾಡಬಹುದು, ಆದರೆ ಅವರು ಕಸಿ ತಂಡದವರಾಗಿರಬಾರದು. ಇಡೀ ಪರೀಕ್ಷೆಯನ್ನು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಬೇಕು. ಪರೀಕ್ಷೆಗೆ ಮುನ್ನ, ಮಿದುಳಿಗಾದ ಹಾನಿಯ ಕಾರಣ ಖಚಿತವಾಗಿರಬೇಕು. ನಿದ್ರೆ ಬರಿಸುವ ಔಷಧ, ಸ್ನಾಯು ಸಡಿಲಿಸುವ ಔಷಧ, ಮೈ ತಣ್ಣಗಾಗಿರುವುದು, ರಕ್ತದ ಲವಣಗಳ ತೀವ್ರ ಏರುಪೇರು ಇವುಗಳಲ್ಲಿ ಯಾವುದೂ ಪರೀಕ್ಷೆಯನ್ನು ದಾರಿ ತಪ್ಪಿಸುವಂತಿರಬಾರದು. ಆಮೇಲೆ ಕಣ್ಣಿನ ಪಾಪೆಗೆ ಬೆಳಕು ಹಾಯಿಸಿ, ಕಣ್ಣಗುಡ್ಡೆಯನ್ನು ಹತ್ತಿಯಿಂದ ಮುಟ್ಟಿ, ಕಿವಿಯೊಳಗೆ ತಣ್ಣೀರು ಹಾಯಿಸಿ, ಗಂಟಲನ್ನೂ ಶ್ವಾಸನಾಳವನ್ನೂ ಕೆಣಕಿ, ಮುಖದ ನರಗಳ ಮೇಲೆ ಒತ್ತಿ, ಮಿದುಳುಕಾಂಡದಿಂದ ಏನಾದರೂ ಉತ್ತರ ಬರುತ್ತದೆಯೇ ಎಂದು ನೋಡುತ್ತಾರೆ.

ಕೊನೆಯದು ಉಸಿರಾಟದ ಪರೀಕ್ಷೆ. ಶುದ್ಧ ಆಮ್ಲಜನಕವನ್ನು ಚೆನ್ನಾಗಿ ತುಂಬಿ ವೆಂಟಿಲೇಟರನ್ನು ಬೇರ್ಪಡಿಸುತ್ತಾರೆ. ಸಣ್ಣ ಕೊಳವೆಯ ಮೂಲಕ ಆಮ್ಲಜನಕ ಹರಿಯುತ್ತಿರುತ್ತದೆ, ಆದರೆ ಯಂತ್ರ ಉಸಿರು ಕೊಡುವುದಿಲ್ಲ. ಸುಮಾರು 8ರಿಂದ 10 ನಿಮಿಷ ಎದೆ, ಹೊಟ್ಟೆಗಳನ್ನು ತೆರೆದಿಟ್ಟು ನೋಡುತ್ತಾ ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮಟ್ಟ 60 ಮಿ.ಮೀ. ಪಾದರಸಕ್ಕೆ ಏರಿದರೂ ಒಂದೇ ಒಂದು ಉಸಿರಿನ ಪ್ರಯತ್ನ ಕಾಣದಿದ್ದರೆ, ಉಸಿರಾಟದ ಕೇಂದ್ರ ಸತ್ತಿದೆ ಎಂದರ್ಥ. ಬದುಕಿರುವ ಮಿದುಳುಕಾಂಡಕ್ಕೆ ಇಂಗಾಲದ ಡೈಆಕ್ಸೈಡ್‌ಗಿಂತ ಬಲವಾದ ಪ್ರಚೋದನೆ ಇಲ್ಲ. ಕೋಮಾದಲ್ಲಿರುವವರು, ವರ್ಷಗಟ್ಟಲೆ ಹಾಸಿಗೆ ಹಿಡಿದವರು ಈ ಪರೀಕ್ಷೆಯಲ್ಲಿ ಉಸಿರಾಡುತ್ತಾರೆ. ಮಿದುಳು ಸತ್ತವರು ಉಸಿರಾಡುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಹಾಳೆಗೆ ಬರೋಣ. ಮಿದುಳು ಸತ್ತರೂ ಬೆನ್ನುಹುರಿ ಸತ್ತಿರುವುದಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ, ಬಿಸಿಯೆಂದು ನಮಗೆ ತಿಳಿಯುವ ಮೊದಲೇ ಹಿಂದೆ ಸರಿಯುತ್ತದೆಯಲ್ಲ, ಆ ಕೆಲಸ ಮಾಡುವುದು ಬೆನ್ನುಹುರಿಯೇ. ಮಿದುಳಿಗೆ ಸುದ್ದಿ ಮುಟ್ಟುವುದು ತಡವಾಗಿ. ಚರ್ಮವನ್ನು ಕೊಯ್ದಾಗ ಆ ಸಂದೇಶ ಬೆನ್ನುಹುರಿಯನ್ನು ತಲುಪಿ, ಅಲ್ಲಿಂದಲೇ ರಕ್ತನಾಳಗಳಿಗೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೂ ಹಿಂದಿರುಗುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಅಡ್ರಿನಲಿನ್ ಹರಿಯುತ್ತದೆ, ರಕ್ತದೊತ್ತಡವೂ ನಾಡಿಬಡಿತವೂ ಏರುತ್ತವೆ. ಕೆಲವೊಮ್ಮೆ ಕಾಲ್ಬೆರಳು ಅಲುಗಬಹುದು, ಹೊಟ್ಟೆಯ ಸ್ನಾಯು ಬಿಗಿಯಬಹುದು, ಅಪರೂಪವಾಗಿ ತೋಳು ಮೇಲೇಳಬಹುದು. ಐಸಿಯುನಲ್ಲಿ ಇಂತಹ ಚಲನೆಯನ್ನು ಕಂಡು ‘ಎಚ್ಚರವಾಗುತ್ತಿದ್ದಾನೆ’ ಎಂದು ಆಸೆಪಟ್ಟ ತಂದೆತಾಯಿಯರನ್ನು ನಾನು ನೋಡಿದ್ದೇನೆ. ಅವರಿಗೆ ಇದನ್ನು ವಿವರಿಸುವುದು ನಮ್ಮ ವೃತ್ತಿಯ ಅತ್ಯಂತ ಕಷ್ಟದ ಕೆಲಸಗಳಲ್ಲಿ ಒಂದು. ಆದರೆ ಈ ಯಾವ ಚಲನೆಯಲ್ಲೂ ಅನುಭವಿಸುವವರು ಯಾರೂ ಇಲ್ಲ.

ಸ್ನಾಯು ಸಡಿಲಿಸುವ ಔಷಧ ಕೊಡುವುದು ಈ ಚಲನೆಗಳನ್ನು ತಡೆಯಲು. ಹೊಟ್ಟೆಯ ಗೋಡೆ ಬಿಗಿದರೆ ಶಸ್ತ್ರಚಿಕಿತ್ಸಕರಿಗೆ ಸೂಕ್ಷ್ಮವಾದ ರಕ್ತನಾಳಗಳನ್ನು ಬಿಡಿಸುವುದು ಕಷ್ಟ, ಒಂದು ಸಣ್ಣ ಸೀಳು ಯಕೃತ್ತನ್ನೇ ಕೆಡಿಸಬಹುದು. ಐಸೋಫ್ಲುರೇನ್ ಅಥವಾ ಸೆವೋಫ್ಲುರೇನ್‌ನಂತಹ ಅನಿಲವನ್ನು ಕೊಡುವುದು ರಕ್ತನಾಳಗಳನ್ನು ಸಡಿಲಿಸಿ ಏರಿದ ಒತ್ತಡವನ್ನು ಇಳಿಸಲು. ಬದುಕಿರುವ ರೋಗಿಯಲ್ಲಿ ಇದೇ ಅನಿಲ ಪ್ರಜ್ಞೆಯನ್ನು ಮಂಕಾಗಿಸುತ್ತದೆ. ನಿಮ್ಮ ತಮ್ಮನವರಲ್ಲಿ ಮಂಕಾಗಿಸಲು ಪ್ರಜ್ಞೆ ಉಳಿದಿರಲಿಲ್ಲ, ಅನಿಲ ಮಾಡಿದ್ದು ರಕ್ತನಾಳಗಳ ಮೇಲಿನ ಕೆಲಸವನ್ನಷ್ಟೇ. ರಕ್ತದೊತ್ತಡ ಒಮ್ಮೆಲೇ ಏರಿದರೆ ಹೃದಯದ ಸ್ನಾಯುವಿಗೆ ಪೆಟ್ಟು, ಶ್ವಾಸಕೋಶದಲ್ಲಿ ನೀರು, ಕೊಯ್ದ ಜಾಗದಲ್ಲಿ ರಕ್ತಸ್ರಾವ. ಅದನ್ನು ತಡೆಯುವುದು ಅರಿವಳಿಕೆ ತಜ್ಞರ ಹೊಣೆ. ಈ ಅನಿಲ ಬೇಕೇ ಬೇಡವೇ ಎಂಬ ಚರ್ಚೆ 2000ದ ಆಸುಪಾಸಿನಲ್ಲಿ ಬ್ರಿಟನ್ನಿನ ಅರಿವಳಿಕೆ ತಜ್ಞರ ನಡುವೆಯೂ ಬಹಿರಂಗವಾಗಿ ನಡೆದಿತ್ತು, ಆದ್ದರಿಂದ ಈ ಪ್ರಶ್ನೆ ಕೇಳಿದ್ದಕ್ಕೆ ನೀವು ಸಂಕೋಚ ಪಡಬೇಕಾಗಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅಂಗಾಂಗಗಳಿಗೆ ಒಳಿತಾಗುವುದಾದರೆ ಕೊಡಬೇಕು, ಏಕೆ ಕೊಡುತ್ತೇವೆ ಎಂಬುದನ್ನು ಮನೆಯವರಿಗೂ ಕೊಠಡಿಯಲ್ಲಿರುವ ಶುಶ್ರೂಷಕಿಯರಿಗೂ ಮುಂಚಿತವಾಗಿ ಹೇಳಬೇಕು.

ಆದರೆ ಅರಿವಳಿಕೆ ತಜ್ಞರ ಕೆಲಸದಲ್ಲಿ ಈ ಎರಡು ಔಷಧಗಳ ಪಾಲು ಚಿಕ್ಕದು. ದೊಡ್ಡ ಕೆಲಸ ಇರುವುದು ಒಪ್ಪಿಗೆ ಕೊಟ್ಟ ಗಳಿಗೆಯಿಂದ ಕೊಯ್ತದವರೆಗಿನ ಗಂಟೆಗಳಲ್ಲಿ. ಮಿದುಳು ಸಾಯುವಾಗ ದೇಹದಲ್ಲಿ ಮೊದಲು ಅಡ್ರಿನಲಿನ್‌ನ ಬಿರುಸಾದ ಏರಿಕೆಯಾಗಿ, ಆಮೇಲೆ ರಕ್ತನಾಳಗಳು ತಮ್ಮ ಬಿಗುವನ್ನೆಲ್ಲ ಕಳೆದುಕೊಳ್ಳುತ್ತವೆ; 200 ದಾಟಿದ್ದ ರಕ್ತದೊತ್ತಡ ಸ್ವಲ್ಪ ಹೊತ್ತಿನಲ್ಲೇ 70ಕ್ಕೆ ಇಳಿಯಬಹುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬರುವುದು ನಿಂತು, ಮೂತ್ರಪಿಂಡಗಳು ನೀರನ್ನು ಹಿಡಿದಿಡಲಾರದೆ ಹರಿಯಬಿಡುತ್ತವೆ. 60 ಕಿಲೋ ತೂಕದ ದಾನಿಯಲ್ಲಿ ಗಂಟೆಗೆ ಕಾಲು ಲೀಟರಿಗಿಂತ ಹೆಚ್ಚು ಮೂತ್ರ ಹೋಗುವುದು ನಮಗೆ ಅಪರೂಪದ ದೃಶ್ಯವಲ್ಲ. ನೀರು ಹೋದಂತೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ಅದು 155 ದಾಟಿದರೆ ಯಕೃತ್ತಿನ ಜೀವಕೋಶಗಳಿಗೆ ಒಳ್ಳೆಯದಲ್ಲ. ಮೈಯ ಉಷ್ಣತೆಯನ್ನು ಕಾಯುವ ಕೇಂದ್ರವೂ ಮಿದುಳಿನಲ್ಲೇ ಇರುವುದರಿಂದ ದೇಹ ಕೊಠಡಿಯ ಎಸಿಯಷ್ಟೇ ತಣ್ಣಗಾಗತೊಡಗುತ್ತದೆ.

ಹೀಗಾಗಿ ನಾಲ್ಕೈದು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಸರಾಸರಿ ರಕ್ತದೊತ್ತಡ 65ಕ್ಕಿಂತ ಕೆಳಗಿಳಿಯದಂತೆ ದ್ರವ ಮತ್ತು ರಕ್ತನಾಳಗಳನ್ನು ಬಿಗಿಗೊಳಿಸುವ ನೊರ್ ಅಡ್ರಿನಲಿನ್ ಕೊಡುತ್ತೇವೆ. ವ್ಯಾಸೊಪ್ರೆಸಿನ್ ಹನಿಸಿದರೆ ರಕ್ತದೊತ್ತಡವೂ ನಿಲ್ಲುತ್ತದೆ, ಮೂತ್ರದ ಹರಿವೂ ಹತೋಟಿಗೆ ಬರುತ್ತದೆ, ಆದ್ದರಿಂದ ಅದು ನನ್ನ ಮೆಚ್ಚಿನ ಔಷಧ. ಸಕ್ಕರೆ, ಪೊಟ್ಯಾಸಿಯಂ, ಸೋಡಿಯಂಗಳನ್ನು ಮತ್ತೆ ಮತ್ತೆ ಅಳೆಯುತ್ತೇವೆ. ವೆಂಟಿಲೇಟರಿನ ಉಸಿರನ್ನು ಕಿಲೋಗೆ 6ರಿಂದ 8 ಮಿ.ಲೀ. ಮಟ್ಟದಲ್ಲಿಟ್ಟು, ಉಸಿರು ಹೊರಬಿಟ್ಟ ಮೇಲೂ ಶ್ವಾಸಕೋಶ ಮುದುಡದಂತೆ ಸ್ವಲ್ಪ ಒತ್ತಡ ಉಳಿಸುತ್ತೇವೆ; ಶ್ವಾಸಕೋಶ ಬೇಗ ಕೆಡುವ ಅಂಗ, ಇಲ್ಲಿ ಅಜಾಗ್ರತೆ ಮಾಡಿದರೆ ಅದು ಯಾರಿಗೂ ದಕ್ಕುವುದಿಲ್ಲ. ಈ ಕ್ಷೇತ್ರದಲ್ಲಿ ರೂಢಿಯೇ ಶಾಸ್ತ್ರವಾಗಿ ಉಳಿದದ್ದೂ ಉಂಟು. ಥೈರಾಯ್ಡ್ ಹಾರ್ಮೋನನ್ನು ದಾನಿಗೆ ಹನಿಸಿದರೆ ಹೃದಯ ಉಳಿಯುತ್ತದೆ ಎಂದು ದಶಕಗಳ ಕಾಲ ಎಷ್ಟೋ ಕೇಂದ್ರಗಳಲ್ಲಿ ಕೊಡುತ್ತಿದ್ದರು. 2023ರಲ್ಲಿ ಪ್ರಕಟವಾದ, ಅಮೆರಿಕದ 800ಕ್ಕೂ ಹೆಚ್ಚು ದಾನಿಗಳ ಮೇಲೆ ನಡೆದ ಅಧ್ಯಯನದಲ್ಲಿ ಅದರಿಂದ ಕಸಿಗೆ ಒದಗಿದ ಹೃದಯಗಳ ಪ್ರಮಾಣ ಹೆಚ್ಚಾಗಲಿಲ್ಲ ಎಂದು ಕಂಡುಬಂತು. ಈಗ ಎಲ್ಲರಿಗೂ ಕೊಡುವ ಅಭ್ಯಾಸವನ್ನು ಬಿಡುವುದೇ ಸರಿ ಎನ್ನುವುದು ನನ್ನ ನಿಲುವು.

ಇಷ್ಟೆಲ್ಲ ಗಮನಿಸಬೇಕಾದ ಒಂದು ದೇಹವನ್ನು ಐಸಿಯುನಿಂದ ಶಸ್ತ್ರಚಿಕಿತ್ಸಾ ಕೊಠಡಿಗೆ ತಳ್ಳಿಕೊಂಡು ಹೋಗುವಾಗ, ಲಿಫ್ಟಿನೊಳಗೆ ಕೂಡ, ಜೊತೆಯಲ್ಲಿ ಅರಿವಳಿಕೆ ತಜ್ಞರು ಇರಬೇಕು. ಆ ದೇಹವನ್ನು ನಾವು ‘ರೋಗಿ’ ಎಂದೇ ಕರೆಯುತ್ತೇವೆ, ಹೆಸರು ಹಿಡಿದೇ ಮಾತನಾಡುತ್ತೇವೆ. ಕೊಠಡಿಯಲ್ಲಿ ಗುರುತಿನ ಪಟ್ಟಿಯನ್ನೂ ಮಿದುಳು ಸಾವಿನ ಪ್ರಮಾಣಪತ್ರವನ್ನೂ ಕುಟುಂಬದ ಒಪ್ಪಿಗೆಯನ್ನೂ, ಅಪಘಾತದ ಪ್ರಕರಣವಾದ್ದರಿಂದ ಪೊಲೀಸರ ಪತ್ರವನ್ನೂ ಗಟ್ಟಿಯಾಗಿ ಓದಿದ ಮೇಲೆಯೇ ಚಾಕು ಕೈಗೆತ್ತಿಕೊಳ್ಳುತ್ತಾರೆ. ಯಕೃತ್ತು, ಮೂತ್ರಪಿಂಡ, ಹೃದಯ ಇವುಗಳಿಗಾಗಿ ಬೇರೆ ಬೇರೆ ಆಸ್ಪತ್ರೆಗಳ ತಂಡಗಳು ಒಂದೇ ಮೇಜಿನ ಸುತ್ತ ನಿಂತಿರುವಾಗ, ಇಡೀ ದೇಹದ ಸ್ಥಿತಿಯನ್ನು ನೋಡುತ್ತಿರುವವರು ತಲೆಯ ಬಳಿ ನಿಂತ ಒಬ್ಬರು ಮಾತ್ರ. ನಾಡಿಬಡಿತ ಕುಸಿದರೆ, ಅದನ್ನು ಏರಿಸಲು ಸಾಮಾನ್ಯವಾಗಿ ಕೊಡುವ ಅಟ್ರೊಪಿನ್ ಕೊಟ್ಟು ಫಲವಿಲ್ಲ, ಏಕೆಂದರೆ ಅಟ್ರೊಪಿನ್ ತಡೆಯುವ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಕೇಂದ್ರವೇ ಮಿದುಳುಕಾಂಡದಲ್ಲಿ ಸತ್ತಿರುತ್ತದೆ. ಅಡ್ರಿನಲಿನ್ ಅಥವಾ ಐಸೊಪ್ರಿನಲಿನ್‌ನಂತೆ ಹೃದಯವನ್ನೇ ನೇರವಾಗಿ ಮುಟ್ಟುವ ಔಷಧ ಬೇಕು.

ಎಲ್ಲ ಅಂಗಗಳೂ ಬಿಡಿಸಿ ಸಿದ್ಧವಾದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕಿಲೋಗೆ ಸುಮಾರು 300 ಯೂನಿಟ್ ಹೆಪಾರಿನ್ ಕೊಡುತ್ತೇವೆ. ಮುಖ್ಯ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಿ, ತಣ್ಣನೆಯ ಸಂರಕ್ಷಕ ದ್ರವ ಹರಿಸುತ್ತಿದ್ದಂತೆ ನಾವು ಔಷಧಗಳನ್ನೂ ಮಾನಿಟರನ್ನೂ ವೆಂಟಿಲೇಟರನ್ನೂ ನಿಲ್ಲಿಸುತ್ತೇವೆ. ಶ್ವಾಸಕೋಶವನ್ನೂ ತೆಗೆಯುವುದಿದ್ದರೆ, ಅದು ಅರ್ಧ ತುಂಬಿದ ಸ್ಥಿತಿಯಲ್ಲಿ ಶ್ವಾಸನಾಳ ಮುಚ್ಚುವವರೆಗೆ ಉಸಿರು ಮುಂದುವರಿಯುತ್ತದೆ. ಅರಿವಳಿಕೆಯ ಹಾಳೆಯಲ್ಲಿ ಕ್ಲ್ಯಾಂಪ್ ಹಾಕಿದ ಗಳಿಗೆಯನ್ನು ಕ್ಲ್ಯಾಂಪಿನ ಸಮಯ ಎಂದು ಬರೆದಿರುತ್ತಾರೆ. ಅದು ಸಾವಿನ ಸಮಯವಲ್ಲ, ಸಾವು ಮೊದಲೇ ದೃಢಪಟ್ಟಿರುತ್ತದೆ. ಬೇರೆ ಎಲ್ಲ ಶಸ್ತ್ರಚಿಕಿತ್ಸೆಗಳಲ್ಲಿ ಹೊಲಿಗೆ ಮುಗಿದು ರೋಗಿ ಕಣ್ಣು ತೆರೆಯುವ ತನಕ ನಾವು ಮೇಜು ಬಿಟ್ಟು ಕದಲುವುದಿಲ್ಲ. ಇಲ್ಲಿ ನಮ್ಮ ಕೆಲಸ ನಡುವೆಯೇ ಮುಗಿಯುತ್ತದೆ. ಆದರೂ ಹೊಲಿಗೆ ಹಾಕಿ, ಮೈ ಒರೆಸಿ, ಮನೆಯವರಿಗೆ ಒಪ್ಪಿಸಲು ಸಿದ್ಧಗೊಳಿಸುವವರೆಗೆ ಅಲ್ಲೇ ಉಳಿಯುವ ಸಹೋದ್ಯೋಗಿಗಳು ಬಹಳ ಮಂದಿ ಇದ್ದಾರೆ, ಮತ್ತು ಅದು ಸರಿಯೆಂದೇ ನಾನೂ ಉಳಿಯುತ್ತೇನೆ.

ಇಲ್ಲಿ ಒಂದು ಗೊಂದಲ ನಿವಾರಿಸುವುದು ಒಳ್ಳೆಯದು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಎಲ್ಲರ ನೆನಪಿನಲ್ಲಿದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಹೃದಯ ನಿಂತ ಮೇಲೆ, ಕೆಲವು ಗಂಟೆಗಳೊಳಗೆ ತೆಗೆಯಬಹುದು, ಅದಕ್ಕೆ ವೆಂಟಿಲೇಟರೂ ಬೇಡ, ಅರಿವಳಿಕೆ ತಜ್ಞರೂ ಬೇಡ. ಅದೇ ವರ್ಷದ ಜೂನ್‌ನಲ್ಲಿ ಬೈಕ್ ಅಪಘಾತದ ನಂತರ ಮಿದುಳು ಸಾವಿಗೀಡಾದ ನಟ ಸಂಚಾರಿ ವಿಜಯ್ ಅವರ ಕುಟುಂಬ ಮಾಡಿದ್ದು ಅಂಗಾಂಗ ದಾನ. ನಿಮ್ಮ ಮನೆಯವರು ಮಾಡಿದ್ದೂ ಅದನ್ನೇ. ಹೃದಯ ಬಡಿಯುತ್ತಿರುವಾಗಲೇ ಅಂಗಗಳನ್ನು ಕಾಪಾಡಬೇಕಾದ್ದರಿಂದ ಇಲ್ಲಿ ನಮ್ಮ ಅಗತ್ಯ ಬರುತ್ತದೆ.

ಇನ್ನು ಅಂಗಗಳು ತಲುಪಿದ ಕಡೆ. ಯಾರಿಗೆ ಯಾವ ಅಂಗ ಎಂಬುದನ್ನು ರಾಜ್ಯ ಸರ್ಕಾರದ ‘ಜೀವಸಾರ್ಥಕತೆ’ ಸಂಸ್ಥೆ ತನ್ನ ಕಾಯುವ ಪಟ್ಟಿಯ ಪ್ರಕಾರ ನಿರ್ಧರಿಸುತ್ತದೆ. ದೇಹದಿಂದ ಬೇರ್ಪಟ್ಟ ಹೃದಯಕ್ಕೆ ಮಂಜುಗಡ್ಡೆಯಲ್ಲಿ ಸುಮಾರು 4 ಗಂಟೆ, ಶ್ವಾಸಕೋಶಕ್ಕೆ 6ರಿಂದ 8, ಯಕೃತ್ತಿಗೆ 8ರಿಂದ 12, ಮೂತ್ರಪಿಂಡಕ್ಕೆ ಒಂದು ದಿನದವರೆಗೆ ಅವಕಾಶ. ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ 4 ಗಂಟೆ ಎಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಅದಕ್ಕಾಗಿಯೇ ಪೊಲೀಸರು ಗ್ರೀನ್ ಕಾರಿಡಾರ್ ಮಾಡಿ ಸಿಗ್ನಲ್‌ಗಳನ್ನು ತೆರೆದಿಡುತ್ತಾರೆ. 2025ರ ಆಗಸ್ಟ್‌ನಲ್ಲಿ ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ಯಕೃತ್ತೊಂದು ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿ ಪ್ರಯಾಣ ಮಾಡಿತು. ಈ ಗಡಿಯಾರದ ಪ್ರಕಾರವೇ ಅತ್ತ ಕಡೆಯ ಅರಿವಳಿಕೆ ತಜ್ಞರೂ ಕೆಲಸ ಮಾಡಬೇಕು. ಅಂಗ ಚೆನ್ನಾಗಿದೆ ಎಂದು ತೆಗೆಯುವ ತಂಡ ಕಣ್ಣಾರೆ ನೋಡಿ ಫೋನ್ ಮಾಡುವ ಮೊದಲು ಪಡೆಯುವವರಿಗೆ ಅರಿವಳಿಕೆ ಕೊಟ್ಟರೆ, ಅಂಗ ಬಾರದೆ ಅವರನ್ನು ಬರಿದೇ ಮಲಗಿಸಿದಂತಾಗುತ್ತದೆ. ತಡ ಮಾಡಿದರೆ ಅಂಗ ಪೆಟ್ಟಿಗೆಯಲ್ಲೇ ಕಾಯುತ್ತದೆ.

ಮೂತ್ರಪಿಂಡ ಪಡೆಯುವವರ ಅರಿವಳಿಕೆ ಹೋಲಿಕೆಯಲ್ಲಿ ಸರಳ. ಪೊಟ್ಯಾಸಿಯಂ ಹೆಚ್ಚಿದ್ದರೆ ಮೊದಲು ಡಯಾಲಿಸಿಸ್ ಮುಗಿಸುತ್ತಾರೆ. ಡಯಾಲಿಸಿಸ್‌ಗಾಗಿ ಅಪಧಮನಿ, ಅಭಿಧಮನಿಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುವ ತೋಳಿಗೆ ಸೂಜಿಯನ್ನಾಗಲಿ ರಕ್ತದೊತ್ತಡದ ಪಟ್ಟಿಯನ್ನಾಗಲಿ ಕಟ್ಟುವುದಿಲ್ಲ. ಮೂತ್ರಪಿಂಡದ ನೆರವಿಲ್ಲದೆ ರಕ್ತದಲ್ಲಿಯೇ ಕರಗಿಹೋಗುವ ಅಟ್ರಾಕ್ಯೂರಿಯಂನಂತಹ ಸ್ನಾಯು ಸಡಿಲಕಗಳನ್ನು ಆರಿಸುತ್ತಾರೆ. ಹೊಸ ಮೂತ್ರಪಿಂಡಕ್ಕೆ ರಕ್ತ ಬಿಟ್ಟಾಗ ಒತ್ತಡ ಚೆನ್ನಾಗಿರಬೇಕು, ಇಲ್ಲದಿದ್ದರೆ ಅದು ಕೆಲಸ ಆರಂಭಿಸಲು ಹಿಂದೇಟು ಹಾಕುತ್ತದೆ. ಯಾವ ದ್ರವ ಕೊಡಬೇಕು ಎಂಬುದಕ್ಕೂ ಈಗ ಉತ್ತರ ಇದೆ: ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮೃತ ದಾನಿಗಳ ಮೂತ್ರಪಿಂಡ ಪಡೆದ ಸುಮಾರು 800 ಜನರಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಸಲೈನ್ ಪಡೆದವರಲ್ಲಿ ನೂರಕ್ಕೆ 40 ಮಂದಿಗೆ ಮೊದಲ ವಾರದಲ್ಲಿ ಮತ್ತೆ ಡಯಾಲಿಸಿಸ್ ಬೇಕಾಯಿತು, ಲವಣಗಳು ಸಮತೋಲನದಲ್ಲಿರುವ ದ್ರವ ಪಡೆದವರಲ್ಲಿ 30 ಮಂದಿಗೆ. ಬಾಟಲಿಯ ಆಯ್ಕೆಯಷ್ಟರಿಂದಲೇ ಇಷ್ಟು ವ್ಯತ್ಯಾಸ ಬರುವುದು ನಮ್ಮ ವೃತ್ತಿಯಲ್ಲಿ ಅಪರೂಪ.

ಯಕೃತ್ತಿನ ಕಸಿ ಬೇರೆಯೇ ಲೋಕ. ಯಕೃತ್ತು ಕೆಟ್ಟವರ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಹೊಟ್ಟೆಯ ತುಂಬ ಉಬ್ಬಿದ ರಕ್ತನಾಳಗಳು, ಸದಾ ಕೆಳಮಟ್ಟದ ರಕ್ತದೊತ್ತಡ. ಹಳೆಯ ಯಕೃತ್ತನ್ನು ಬಿಡಿಸುವಾಗ ರಕ್ತ ಹೋಗುತ್ತದೆ. ರಕ್ತ ಎಲ್ಲಿ, ಯಾವ ಅಂಶದ ಕೊರತೆಯಿಂದ ಹೆಪ್ಪುಗಟ್ಟುತ್ತಿಲ್ಲ ಎಂಬುದನ್ನು ಕೊಠಡಿಯಲ್ಲೇ ಇರುವ ಯಂತ್ರ ಗೆರೆ ಎಳೆದು ತೋರಿಸುತ್ತದೆ, ಅದನ್ನು ಓದಿ ಬೇಕಾದ ಅಂಶವನ್ನಷ್ಟೇ ಕೊಡುತ್ತೇವೆ. ಹಳೆಯದನ್ನು ತೆಗೆದು ಹೊಸದನ್ನು ಜೋಡಿಸುವ ನಡುವಿನ ಅವಧಿಯಲ್ಲಿ ರೋಗಿಗೆ ಯಕೃತ್ತೇ ಇರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಚೀಲಗಳಲ್ಲಿ ಬೆರೆಸಿರುವ ಸಿಟ್ರೇಟನ್ನು ಕರಗಿಸುವವರಿಲ್ಲದೆ ಕ್ಯಾಲ್ಸಿಯಂ ಇಳಿಯುತ್ತದೆ, ಆಮ್ಲ ಶೇಖರವಾಗುತ್ತದೆ.

ಆಮೇಲೆ ಶಸ್ತ್ರಚಿಕಿತ್ಸಕರು ಕ್ಲ್ಯಾಂಪ್ ಬಿಡುವ ಹೊತ್ತು. ಮಂಜಿನಲ್ಲಿ ಇಟ್ಟಿದ್ದ ಯಕೃತ್ತಿನೊಳಗಿಂದ ತಣ್ಣನೆಯ, ಆಮ್ಲ ತುಂಬಿದ, ಪೊಟ್ಯಾಸಿಯಂ ಹೆಚ್ಚಿರುವ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತದೆ. ಸಂರಕ್ಷಕ ದ್ರವಗಳಲ್ಲಿ ಕೆಲವು ಲೀಟರಿಗೆ 120 ಮಿಲಿಮೋಲ್‌ಗಿಂತ ಹೆಚ್ಚು ಪೊಟ್ಯಾಸಿಯಂ ಹೊಂದಿರುತ್ತವೆ. ನಮ್ಮ ರಕ್ತದಲ್ಲಿರುವುದು 4ರ ಆಸುಪಾಸು. ಅದಕ್ಕಾಗಿ ಮೊದಲೇ ಯಕೃತ್ತನ್ನು ತೊಳೆಯುತ್ತಾರೆ, ಆದರೂ ಉಳಿದದ್ದು ಸಾಲುತ್ತದೆ. ಮೊದಲ 5 ನಿಮಿಷಗಳಲ್ಲಿ ರಕ್ತದೊತ್ತಡ ನೂರಕ್ಕೆ 30ಕ್ಕಿಂತ ಹೆಚ್ಚು ಕುಸಿಯಬಹುದು, ಇಸಿಜಿಯ ಅಲೆಗಳು ಎತ್ತರವಾಗಿ ಬದಲಾಗಬಹುದು, ಹೃದಯ ನಿಂತೂ ಹೋಗಬಹುದು. ಹೀಗಾಗಿ ಕ್ಯಾಲ್ಸಿಯಂ, ಸೋಡಾ ಬೈಕಾರ್ಬನೇಟ್, ಅಡ್ರಿನಲಿನ್‌ಗಳನ್ನು ಸಿರಿಂಜುಗಳಲ್ಲಿ ತುಂಬಿ ಕೈಯಳತೆಯಲ್ಲಿಟ್ಟು, ‘ಬಿಡಬಹುದು’ ಎಂದು ನಾವು ಹೇಳಿದ ಮೇಲೆಯೇ ಶಸ್ತ್ರಚಿಕಿತ್ಸಕರು ಕ್ಲ್ಯಾಂಪ್ ಬಿಡುತ್ತಾರೆ. ಆ 5 ನಿಮಿಷ ದಾಟಿ, ಸಪ್ಪೆಯಾಗಿದ್ದ ಯಕೃತ್ತು ಕೆಂಪೇರಿ, ಆಮ್ಲದ ಪ್ರಮಾಣ ತಾನಾಗಿ ಇಳಿಯತೊಡಗಿ, ಪಿತ್ತರಸ ಕಾಣಿಸಿಕೊಂಡರೆ ದಾನಿಯನ್ನು ನೋಡಿಕೊಂಡವರ ಶ್ರಮವೂ ಅಲ್ಲಿ ಫಲಿಸಿತೆಂದು ತಿಳಿಯುತ್ತೇವೆ. ನಿಮ್ಮ ತಮ್ಮನವರ ಸೋಡಿಯಂ, ರಕ್ತದೊತ್ತಡಗಳನ್ನು ಅಂದು ಗಂಟೆ ಗಂಟೆಗೂ ಬರೆದಿಟ್ಟದ್ದು ಇದಕ್ಕಾಗಿ.

ಹೃದಯ ಪಡೆದವರಲ್ಲಿಯೂ ಅಟ್ರೊಪಿನ್ ಕೆಲಸ ಮಾಡುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ದಾನಿಯಲ್ಲಿ ವೇಗಸ್ ನರದ ಕೇಂದ್ರ ಸತ್ತಿತ್ತು. ಪಡೆದವರಲ್ಲಿ ಕೇಂದ್ರ ಬದುಕಿದೆ, ಆದರೆ ಹೃದಯಕ್ಕೆ ಹೋಗುವ ನರ ಕತ್ತರಿಸಿದೆ. ಆ ವ್ಯಕ್ತಿ ಮುಂದೆ ಎಂದಾದರೂ ಹರ್ನಿಯಾದಂತಹ ಸಣ್ಣ ಶಸ್ತ್ರಚಿಕಿತ್ಸೆಗೆ ಬಂದರೂ ಅರಿವಳಿಕೆ ತಜ್ಞರು ಇದನ್ನು ನೆನಪಿಡಬೇಕು.

ಈ ಉತ್ತರ ಓದುವ ಬೇರೆಯವರು ಬದುಕಿರುವ ದಾನಿಗಳ ಬಗ್ಗೆ ಕೇಳುವರೆಂದು ಒಂದೆರಡು ಮಾತು. ಅಣ್ಣನಿಗೆ ಮೂತ್ರಪಿಂಡ ಕೊಡುವ ತಂಗಿ, ಅಪ್ಪನಿಗೆ ಯಕೃತ್ತಿನ ಭಾಗ ಕೊಡುವ ಮಗ, ಇವರು ನಮ್ಮ ಕೈಗೆ ಬರುವ ಅತ್ಯಂತ ಆರೋಗ್ಯವಂತ ರೋಗಿಗಳು, ಮತ್ತು ತಮಗೇನೂ ಲಾಭವಿಲ್ಲದ ಶಸ್ತ್ರಚಿಕಿತ್ಸೆಗೆ ಮಲಗುವವರು. ಮೂತ್ರಪಿಂಡ ಕೊಡುವವರಲ್ಲಿ ಜೀವಾಪಾಯ 10,000ಕ್ಕೆ 3 ಅಥವಾ ಅದಕ್ಕಿಂತ ಕಡಿಮೆ. ಯಕೃತ್ತಿನ ಬಲಭಾಗ ಕೊಡುವವರಲ್ಲಿ 1,000ಕ್ಕೆ 2ರಿಂದ 5. ಎರಡನೆಯದು ಸಣ್ಣ ಸಂಖ್ಯೆಯಲ್ಲ, ಅದನ್ನು ಮನೆಯವರ ಒತ್ತಡವಿಲ್ಲದ ಜಾಗದಲ್ಲಿ, ದಾನಿಯೊಬ್ಬರಿಗೇ ಹೇಳಬೇಕು. ಅರಿವಳಿಕೆಯ ಪೂರ್ವ ತಪಾಸಣೆಯ ದಿನ ಆ ಮಾತು ಎತ್ತಲು ದಾನಿಗೆ ಹಕ್ಕಿದೆ, ಬೇಡ ಎನ್ನಲೂ ಹಕ್ಕಿದೆ.

ಕೊನೆಯದಾಗಿ ನಿಮ್ಮ ತಾಯಿಯವರ ವಿಷಯ. ಅವರಿಗೆ ಹೇಳಿ ಎಂದೇ ನನ್ನ ಸಲಹೆ, ಏಕೆಂದರೆ ಆ ಹಾಳೆ ನಾಳೆ ಅವರ ಕೈಗೂ ಸಿಗಬಹುದು, ಆಗ ಪಕ್ಕದಲ್ಲಿ ವಿವರಿಸುವವರು ಇರುವುದಿಲ್ಲ. ಚಿಕಿತ್ಸೆ ನಡೆದ ಆಸ್ಪತ್ರೆಯ ಅಂಗಾಂಗ ದಾನ ಸಂಯೋಜಕರಿಗೆ ಫೋನ್ ಮಾಡಿ, ಐಸಿಯುನ ಹಿರಿಯ ವೈದ್ಯರೊಡನೆ ಅರ್ಧ ಗಂಟೆ ಕೇಳಿಕೊಳ್ಳಿ, ತಾಯಿಯವರನ್ನೂ ಕರೆದೊಯ್ಯಿರಿ. ಹೋಗುವಾಗ ಮಿದುಳು ಸಾವಿನ ಪ್ರಮಾಣಪತ್ರದ ಪ್ರತಿಯನ್ನು, ಅಂದರೆ 2014ರ ನಿಯಮಗಳ 10ನೇ ನಮೂನೆಯನ್ನು, ಮತ್ತು ಅರಿವಳಿಕೆಯ ಹಾಳೆಯನ್ನು ಜೊತೆಗಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಎರಡು ಪರೀಕ್ಷೆಗಳ ದಿನ, ಸಮಯ ಇರುತ್ತದೆ. ಎರಡನೆಯದರಲ್ಲಿ ಕೊಯ್ತದ ಸಮಯ ಇರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದು ಮೊದಲು ನಡೆಯಿತು ಎಂಬುದನ್ನು ತಾಯಿಯವರು ತಾವೇ ಓದಿಕೊಳ್ಳಲಿ. ಅಂಗ ಪಡೆದವರ ಹೆಸರು, ಊರುಗಳನ್ನು ಸಂಯೋಜಕರು ಹೇಳುವುದಿಲ್ಲ. ಅವರು ಈಗ ಹೇಗಿದ್ದಾರೆ ಎಂದು ಕೇಳಲು ಮಾತ್ರ ಹಿಂಜರಿಯಬೇಡಿ.